ಮಾತು ನಿಲ್ಲದಷ್ಟು ವೇಗ

ನಲವತ್ತೈದರ ಆಸುಪಾಸಿನಲ್ಲಿ ಮತ್ತೆ ಓಡಲು ಹೊರಟವರನ್ನು ಮೊದಲು ತಡೆದು ನಿಲ್ಲಿಸುವುದು ಮೀನಖಂಡ. ದಮ್ಮಿನ ಮಾತು ಆಮೇಲಿನದು. ಮೊದಲ ವಾರ ಏದುಸಿರು ಬರುತ್ತದೆ, ಎರಡನೇ ವಾರ ಸ್ವಲ್ಪ ಸಲೀಸಾಗುತ್ತದೆ, ಮೂರನೇ ವಾರಕ್ಕೆ ‘ಪರವಾಗಿಲ್ಲ, ಕಾಲೇಜಿನ ಓಟ ಇನ್ನೂ ಮೈಯಲ್ಲೇ ಇದೆ’ ಎಂಬ ಧೈರ್ಯ ಹುಟ್ಟುತ್ತದೆ. ನಾಲ್ಕನೇ ವಾರ ಒಂದು ಬೆಳಿಗ್ಗೆ ಮಂಚದಿಂದ ಇಳಿದು ಪಾದ ಊರಿದರೆ ಹಿಮ್ಮಡಿಯ ಮೇಲ್ಗಡೆ ಚಳುಕು. ಬಚ್ಚಲಮನೆಯವರೆಗೆ ಗೋಡೆ ಹಿಡಿದು ಕುಂಟಬೇಕು. ಜಯನಗರ, ಜೆ.ಪಿ. ನಗರ, ಬನಶಂಕರಿ ಕಡೆಯ ಯಾವುದೇ ಓಟಗಾರರ ಗುಂಪಿನಲ್ಲಿ ಕೂತು ಕೇಳಿ, ಈ ಕಥೆ ಬೇಕಾದಷ್ಟು ಮಂದಿಯ ಬಾಯಲ್ಲಿ ಬರುತ್ತದೆ.

ಇದಕ್ಕೆ ಕಾರಣ ಸರಳ. ಹೃದಯ, ರಕ್ತ, ಸ್ನಾಯುಗಳು ಹೊಸ ದುಡಿಮೆಗೆ ವಾರಗಳಲ್ಲೇ ಒಗ್ಗಿಕೊಳ್ಳುತ್ತವೆ. ಸ್ನಾಯುವನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜು ಹಾಗಲ್ಲ. ಅದಕ್ಕೆ ರಕ್ತದ ಹರಿವು ಕಡಿಮೆ, ಬಲ ಬರಲು ತಿಂಗಳುಗಳೇ ಬೇಕು. ಮೂಳೆಯೂ ಅಷ್ಟೇ ನಿಧಾನ. ದಮ್ಮು ‘ಇನ್ನೂ ಓಡು’ ಎನ್ನುವ ಹೊತ್ತಿಗೆ ಹಿಮ್ಮಡಿ ‘ನಾನಿನ್ನೂ ತಯಾರಿಲ್ಲ’ ಎನ್ನುತ್ತಿರುತ್ತದೆ. ಇಪ್ಪತ್ತರ ಹರೆಯದಲ್ಲಿ ಈ ಅಂತರ ಚಿಕ್ಕದು, ಐವತ್ತರಲ್ಲಿ ದೊಡ್ಡದು. ಅದರ ಜೊತೆಗೆ ಹಳೆಯ ಟೈಮಿಂಗ್ ನೆನಪಿನಲ್ಲಿರುತ್ತದೆ. ಇಪ್ಪತ್ತೆರಡರಲ್ಲಿ ಓಡಿದ ವೇಗವನ್ನು ತಲೆ ಮರೆತಿರುವುದಿಲ್ಲ, ಕಾಲು ಮರೆತಿರುತ್ತದೆ. ಮರಳಿ ಬಂದವರಲ್ಲಿ ಹೆಚ್ಚಿನವರು ಗಾಯ ಮಾಡಿಕೊಳ್ಳುವುದು ಈ ನೆನಪಿಗೆ ತಕ್ಕಂತೆ ಓಡಿಯೇ.

ಹಾಗಾದರೆ ಎಷ್ಟು ವೇಗ? ಪಕ್ಕದಲ್ಲಿರುವವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುವಷ್ಟು. ನನ್ನ ಮಟ್ಟಿಗೆ ಮಧ್ಯವಯಸ್ಸಿನ ಓಟದ ವಿದ್ಯೆಯೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ. ‘ಹೂಂ’, ‘ಹೌದು’ ಎಂದು ಒಂದೊಂದೇ ಪದ ಹೊರಡುತ್ತಿದ್ದರೆ ವೇಗ ಹೆಚ್ಚಾಯಿತು ಎಂದರ್ಥ. ಯಡಿಯೂರು ಕೆರೆಯ ಸುತ್ತ ಬೆಳಗಿನ ಹೊತ್ತು ಚೂಡಿದಾರ್, ಕ್ಯಾನ್ವಾಸ್ ಶೂ ಹಾಕಿ ಓಡುವ ಇಬ್ಬರು ಗೆಳತಿಯರನ್ನು ನೋಡುತ್ತಿರುತ್ತೇನೆ. ನಾದಿನಿಯ ಮಗಳ ಸೀಮಂತ, ಹೊಸ ಬಾಡಿಗೆದಾರರು, ಕಟ್ಟಿನ ಸಾರಿಗೆ ಹಾಕಬೇಕಾದ ಮಸಾಲೆ, ಎಲ್ಲವೂ ನಡೆಯುತ್ತಿರುತ್ತದೆ, ಓಟವೂ ನಡೆಯುತ್ತಿರುತ್ತದೆ. ಒಮ್ಮೆ ಹಿಂದಿನಿಂದ ಬಂದ ಹುಡುಗನೊಬ್ಬ ‘ಆಂಟಿ, ಸ್ವಲ್ಪ ಸ್ಪೀಡಾಗಿ ಓಡಿ’ ಎಂದ. ‘ನೀನು ಹೋಗಪ್ಪ, ನಮ್ಮ ಮಾತು ಇನ್ನೂ ಮುಗಿದಿಲ್ಲ’ ಎಂದರು ಒಬ್ಬರು. ತರಬೇತುದಾರರು ಗಡಿಯಾರ, ಹೃದಯ ಬಡಿತದ ಪಟ್ಟಿ ಎಲ್ಲ ಕಟ್ಟಿ ಹೇಳಿಕೊಡುವ ಪಾಠ ಅವರಿಗೆ ತಾನಾಗಿ ಒಲಿದಿದೆ.

ಅಂಕಿಯಲ್ಲೇ ಬೇಕೆಂದರೆ, ಹೆಚ್ಚಿನವರಿಗೆ ಈ ವೇಗ ಕಿಲೋಮೀಟರಿಗೆ ಎಂಟರಿಂದ ಒಂಬತ್ತು ನಿಮಿಷ. ಬಿರುಸಿನ ನಡಿಗೆ ಹತ್ತು ನಿಮಿಷದ್ದು. ಓಟಕ್ಕೂ ನಡಿಗೆಗೂ ವ್ಯತ್ಯಾಸ ಅಷ್ಟು ಕಡಿಮೆಯೇ ಎಂದು ಹಲವರಿಗೆ ಮುಜುಗರ. ಆ ಮುಜುಗರವನ್ನು ಮೂರು ತಿಂಗಳು ಬದಿಗಿಡಬೇಕು.

ನಿಧಾನಕ್ಕೆ ಓಡಿ ಎಂಬ ಮಾತು ಹೊಸದೇನಲ್ಲ. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ತನ್ನ ಇಬ್ಬರು ಶಿಷ್ಯರಿಗೆ ಒಂದೇ ದಿನ ಚಿನ್ನ ತಂದುಕೊಟ್ಟ ಗುರು. ಪೀಟರ್ ಸ್ನೆಲ್‌ಗೆ 800 ಮೀಟರ್, ಮರ್ರೆ ಹಾಲ್‌ಬರ್ಗ್‌ಗೆ 5,000 ಮೀಟರ್. ಅದೇ ಲಿಡಿಯಾರ್ಡ್ ಆಕ್ಲೆಂಡ್‌ನಲ್ಲಿ ಮಧ್ಯವಯಸ್ಸಿನವರನ್ನೂ ಹೃದಯಾಘಾತದಿಂದ ಚೇತರಿಸಿಕೊಂಡವರನ್ನೂ ಸೇರಿಸಿ ನಿಧಾನಕ್ಕೆ ಓಡಿಸತೊಡಗಿದ. ಮೈಯನ್ನು ಪಳಗಿಸಿ, ದಣಿಸಬೇಡಿ ಎಂಬುದು ಅವನ ಪಾಠ. 1962ರ ಕೊನೆಗೆ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಕೋಚ್ ಬಿಲ್ ಬವರ್‌ಮನ್ ಅಲ್ಲಿಗೆ ಹೋದ. ಮುಂದೆ ನೈಕಿ ಕಂಪನಿಯ ಸ್ಥಾಪಕರಲ್ಲಿ ಒಬ್ಬನಾದವನು ಈತನೇ. ಆಗ ಅವನಿಗೆ 51. ಭಾನುವಾರ ಬೆಳಿಗ್ಗೆ ಆ ಗುಂಪಿನ ಜೊತೆ ಓಡಲು ಹೊರಟವನಿಗೆ ಸ್ವಲ್ಪ ದೂರದಲ್ಲೇ ಉಸಿರು ಸಿಕ್ಕಿಕೊಂಡಿತು. ಎಪ್ಪತ್ತು ದಾಟಿದ, ಹೃದಯಾಘಾತ ಕಂಡಿದ್ದ ಹಿರಿಯರೊಬ್ಬರು ಅವನಿಗಾಗಿ ಹಿಂದೆ ಉಳಿದು, ಮಾತಾಡಿಸುತ್ತ ಜೊತೆಗೆ ಓಡಿದರು. ಮಾತಿಗೆ ಉತ್ತರ ಕೊಡುವ ಉಸಿರೂ ಬವರ್‌ಮನ್‌ಗೆ ಉಳಿದಿರಲಿಲ್ಲ. ಊರಿಗೆ ಮರಳಿದ ಬವರ್‌ಮನ್ ಹೃದ್ರೋಗ ತಜ್ಞನೊಬ್ಬನ ಜೊತೆ ಸೇರಿ 1967ರಲ್ಲಿ ಜಾಗಿಂಗ್ ಬಗ್ಗೆ ಪುಸ್ತಕ ತಂದ. ಅಮೆರಿಕದಲ್ಲಿ ಸಾಮಾನ್ಯ ಜನ ಬೀದಿಗಿಳಿದು ಓಡತೊಡಗಿದ್ದಕ್ಕೆ ಆ ಪುಸ್ತಕವೂ ಒಂದು ಕಾರಣ. ಇವತ್ತು ನಾವು ಮಾಧವನ್ ಪಾರ್ಕಿನ ಸುತ್ತ ಓಡುತ್ತಿದ್ದರೆ ಆಕ್ಲೆಂಡಿನ ಆ ಹಿರಿಯರ ಋಣವೂ ನಮ್ಮ ಮೇಲಿದೆ.

ನಿಲ್ಲದೆ ಓಡಲೇಬೇಕೆಂಬ ಹಟವನ್ನೂ ಬಿಡಬೇಕು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ ಅಮೆರಿಕದ ಜೆಫ್ ಗ್ಯಾಲೊವೇ ಹೊಸಬರಿಗಾಗಿ ಓಟದ ನಡುನಡುವೆ ನಡೆಯುವ ಕ್ರಮ ರೂಪಿಸಿದರು. ಆರಂಭಕ್ಕೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಇಪ್ಪತ್ತೈದು ನಿಮಿಷ ಆಯಿತೇ, ಮನೆಗೆ ಹೊರಡಿ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಸುಸ್ತಾದ ಮೇಲೆ ನಡೆಯುವುದಲ್ಲ, ಸುಸ್ತಾಗುವ ಮೊದಲೇ ನಡೆಯಬೇಕು. ಈ ಕ್ರಮದ ಗುಟ್ಟು ಅದೇ.

ಇನ್ನು ಎದೆಯ ವಿಷಯ. ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡದ್ದು 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿನಲ್ಲಿ. ಕರ್ನಾಟಕದಲ್ಲಿ ಅಷ್ಟು ಚುರುಕಾದ, ಅಷ್ಟು ಕಟ್ಟುಮಸ್ತಾದ ಮೈ ಇನ್ನೊಬ್ಬರದಿರಲಿಲ್ಲ ಎಂದು ನಂಬಿದ್ದ ಒಂದು ತಲೆಮಾರಿಗೆ ಅದು ಮನೆಯವರೇ ಹೋದಂಥ ನೋವು. ಮುಂದಿನ ದಿನಗಳಲ್ಲಿ ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆಯ ಹೊರರೋಗಿ ವಿಭಾಗಕ್ಕೆ ಜನ ಸಾಲುಗಟ್ಟಿದರು. ನೋವಿಲ್ಲದವರೂ ತಪಾಸಣೆಗೆ ಬಂದರು. ಅದು ಒಳ್ಳೆಯದೇ ಆಯಿತು. ಆದರೆ ಜೊತೆಗೆ ಇನ್ನೊಂದು ಮಾತೂ ಹಬ್ಬಿತು. ‘ಈ ವಯಸ್ಸಲ್ಲಿ ಓಡೋದು, ಜಿಮ್ಮು ಎಲ್ಲ ಬೇಡಪ್ಪ, ಸುಮ್ನೆ ವಾಕಿಂಗ್ ಮಾಡ್ಕೊಂಡಿರಿ’ ಎಂದು ಮನೆಮನೆಯಲ್ಲಿ ಹೆಂಗಸರು ಗಂಡಂದಿರನ್ನು ತಡೆದರು. ಅವರ ಆತಂಕ ನನಗೆ ಅರ್ಥವಾಗುತ್ತದೆ. ತೀರ್ಮಾನವನ್ನು ಮಾತ್ರ ಒಪ್ಪಲಾರೆ.

1993ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಇಲ್ಲಿ ಹೇಳಲೇಬೇಕಾದದ್ದು. ಮೈಮುರಿಯುವ ಶ್ರಮದ ನಂತರದ ಒಂದು ಗಂಟೆಯಲ್ಲಿ ಹೃದಯಾಘಾತದ ಅಪಾಯ ಎಷ್ಟು ಏರುತ್ತದೆ ಎಂದು ಸಂಶೋಧಕರು ಲೆಕ್ಕ ಹಾಕಿದರು. ವಾರಕ್ಕೆ ಒಂದು ಸಲವೂ ವ್ಯಾಯಾಮ ಮಾಡದವರಲ್ಲಿ ಅದು 107 ಪಟ್ಟು. ವಾರಕ್ಕೆ ಐದು ಸಲ, ಅದಕ್ಕಿಂತ ಹೆಚ್ಚು ಸಲ ಮಾಡುವವರಲ್ಲಿ 2.4 ಪಟ್ಟು. ಯಾವುದೋ ಒಂದು ಗಂಟೆಯಲ್ಲಿ ಇಂಥದು ಆಗುವ ಸಂಭವವೇ ತೀರ ಚಿಕ್ಕದು, ಆದ್ದರಿಂದ ಅಂಕಿ ನೋಡಿ ಹೆದರಬೇಕಿಲ್ಲ. ನೋಡಬೇಕಾದದ್ದು ಎರಡರ ನಡುವಿನ ಅಂತರ. ವರ್ಷಗಟ್ಟಲೆ ಕುರ್ಚಿಯಲ್ಲಿ ಕೂತು, ಒಂದು ಭಾನುವಾರ ಎದ್ದು ಗೆಳೆಯರ ಸವಾಲಿಗೆ ಬಿರುಸಾಗಿ ಓಡುವುದು ಅಪಾಯ. ಆರು ತಿಂಗಳು ಮೆಲ್ಲಮೆಲ್ಲನೆ ಏರಿಸಿದ ಓಟ ರಕ್ಷಣೆ.

ಆದ್ದರಿಂದ ಶೂ ಕೊಳ್ಳುವ ಮೊದಲು ಆರೋಗ್ಯ ತಪಾಸಣೆ ಆಗಲಿ. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ಇಸಿಜಿ. ಅಪ್ಪನಿಗೋ ಅಣ್ಣನಿಗೋ ಚಿಕ್ಕ ವಯಸ್ಸಿನಲ್ಲಿ ಹೃದಯದ ತೊಂದರೆ ಇದ್ದರೆ, ನಿಮಗೇ ಸಕ್ಕರೆ, ಬಿಪಿ, ಸಿಗರೇಟಿನ ಇತಿಹಾಸ ಇದ್ದರೆ, ಟಿಎಂಟಿ (ಟ್ರೆಡ್‌ಮಿಲ್ ಪರೀಕ್ಷೆ) ಬೇಕೇ ಎಂದು ವೈದ್ಯರನ್ನು ಕೇಳಿ. ನಮ್ಮ ಉಪಖಂಡದ ಜನರಿಗೆ ಮೊದಲ ಹೃದಯಾಘಾತ ಬರುವುದು ಉಳಿದವರಿಗಿಂತ ಐದಾರು ವರ್ಷ ಮೊದಲೇ. ಟಿಎಂಟಿ ಸರಿ ಬಂತೆಂದು ಎಲ್ಲ ಮರೆಯುವಂತೆಯೂ ಇಲ್ಲ. ಓಡುವಾಗ ಎದೆ ಹಿಂಡಿದಂತಾದರೆ, ನೋವು ದವಡೆಗೋ ಎಡಗೈಗೋ ಇಳಿದರೆ, ತಲೆ ತಿರುಗಿದರೆ, ನಿನ್ನೆ ಸುಲಭವಾಗಿದ್ದ ದೂರಕ್ಕೆ ಇವತ್ತು ಕಾರಣವಿಲ್ಲದೆ ಏದುಸಿರು ಬಂದರೆ ಅಲ್ಲೇ ನಿಲ್ಲಿ. ಗ್ಯಾಸ್ಟ್ರಿಕ್ ಎಂದುಕೊಂಡು ಮನೆಗೆ ಹೋಗಿ ಮಲಗಬೇಡಿ, ನೇರ ಆಸ್ಪತ್ರೆಗೆ ಹೋಗಿ. ಜ್ವರ ಬಂದು ಹೋದ ವಾರ ಓಡುವುದೂ ಬೇಡ.

ಈಗ ನನಗೆ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಓಡುವ ನೆಲ. ಈ ವಿಷಯದಲ್ಲಿ ದಕ್ಷಿಣ ಬೆಂಗಳೂರಿನವರು ಪುಣ್ಯವಂತರು. ಏಪ್ರಿಲ್ ತಿಂಗಳಲ್ಲೂ ಬೆಳಗಿನ ಐದೂವರೆಗೆ 22 ಡಿಗ್ರಿಯ ಆಸುಪಾಸೇ ಇರುತ್ತದೆ. ಜಯನಗರವನ್ನು 1948ರಲ್ಲಿ ಯೋಜನೆ ಹಾಕಿ ಕಟ್ಟಿದ್ದರಿಂದ ಅಲ್ಲಿ ಮೇನು, ಕ್ರಾಸುಗಳು ನೇರವಾಗಿವೆ, ಮರಗಳ ನೆರಳಿದೆ, ದಾರಿ ತಪ್ಪುವ ಭಯವಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಗುಲಾಬಿ ಬಣ್ಣದ ಟಬೂಬಿಯಾ ಹೂವು ಕಾಲಡಿಯಲ್ಲೇ ಉದುರಿರುತ್ತದೆ.

ಆದರೆ ರಸ್ತೆಯನ್ನು ಸೂಕ್ಷ್ಮವಾಗಿ ನೋಡಬೇಕು. ಟಾರು ರಸ್ತೆ ನಡುವೆ ಉಬ್ಬಿ, ಮಳೆನೀರು ಹರಿಯಲೆಂದು ಎರಡೂ ಅಂಚಿಗೆ ಇಳಿಜಾರಾಗಿರುತ್ತದೆ. ದಿನವೂ ಒಂದೇ ಅಂಚಿನಲ್ಲಿ ಒಂದೇ ದಿಕ್ಕಿಗೆ ಓಡಿದರೆ ಒಂದು ಕಾಲು ಮೇಲೆ, ಇನ್ನೊಂದು ಕೆಳಗೆ. ಕೆಲವು ವಾರಗಳಲ್ಲಿ ಮಂಡಿಯ ಹೊರಮಗ್ಗುಲೋ ಸೊಂಟವೋ ದೂರು ಹೇಳತೊಡಗುತ್ತದೆ. ಹೋದ ದಾರಿಯಲ್ಲೇ, ಅದೇ ಅಂಚಿನಲ್ಲಿ ಹಿಂತಿರುಗಿ ಓಡಿ ಬಂದರೆ ಎರಡೂ ಕಾಲಿಗೆ ಸಮಪಾಲು. ಒಂದು ದಿಕ್ಕಿನಲ್ಲಿ ವಾಹನಗಳಿಗೆ ಬೆನ್ನಾಗುವುದರಿಂದ ಖಾಲಿ ರಸ್ತೆಯಲ್ಲಿ ಮಾತ್ರ ಇದನ್ನು ಮಾಡಬೇಕು. ವೈಟ್ ಟಾಪಿಂಗ್ ಮಾಡಿದ ಕಾಂಕ್ರೀಟ್ ರಸ್ತೆ ಟಾರಿಗಿಂತ ಗಡುಸು, ಆರಂಭದ ತಿಂಗಳುಗಳಲ್ಲಿ ಅದನ್ನು ಬಿಡುವುದೇ ಮೇಲು. ಫುಟ್‌ಪಾತಿನ ಮೇಲಂತೂ ಓಡಲೇಬೇಡಿ. ಚರಂಡಿಯ ಮೇಲಿನ ಚಪ್ಪಡಿಗಳಲ್ಲಿ ಒಂದು ಎದ್ದಿರುತ್ತದೆ, ಒಂದು ಅಲುಗಾಡುತ್ತದೆ, ಒಂದು ಇರುವುದೇ ಇಲ್ಲ. ಬೆಳಗಿನ ಮಬ್ಬಿನಲ್ಲಿ ಹರಡು ತಿರುಚಿಕೊಳ್ಳಲು ಅಷ್ಟು ಸಾಕು.

ಹೊಸಬರಿಗೆ ನಾನು ಹೇಳುವ ಮೊದಲ ನೆಲ ಲಾಲ್‌ಬಾಗ್. 240 ಎಕರೆ, ಒಳರಸ್ತೆಗಳಲ್ಲಿ ವಾಹನವಿಲ್ಲ, ದಣಿದರೆ ಕೂರಲು ಬೆಂಚು, ಪಶ್ಚಿಮ ದ್ವಾರದ ಹತ್ತಿರವೇ ಮೆಟ್ರೊ. ಕೆಂಪೇಗೌಡ ಗೋಪುರ ನಿಂತಿರುವ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅದನ್ನು ನಡೆದು ಹತ್ತಿ, ನಡೆದೇ ಇಳಿಯಿರಿ. ಹತ್ತುವುದು ಕಷ್ಟವೆಂದು ಕಂಡರೂ ಮಂಡಿಗೆ, ತೊಡೆಗೆ ಹೆಚ್ಚು ಪೆಟ್ಟು ಇಳಿಯುವಾಗಲೇ. ಜನವರಿ ಮತ್ತು ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಮಾತ್ರ ಬೇರೆ ಜಾಗ ಹುಡುಕಿಕೊಳ್ಳಬೇಕು.

ಜೆ.ಪಿ. ನಗರದವರಿಗೆ ಮಿನಿ ಫಾರೆಸ್ಟ್ ಇದೆ, ಮಣ್ಣಿನ ಹಾದಿ, ಮೆತ್ತಗಿನ ನೆಲ. 7ನೇ ಹಂತದ ಪುಟ್ಟೇನಹಳ್ಳಿ ಕೆರೆಯನ್ನು ಸುತ್ತಲಿನ ನಿವಾಸಿಗಳೇ 2010ರಲ್ಲಿ ಟ್ರಸ್ಟ್ ಕಟ್ಟಿ ಉಳಿಸಿಕೊಂಡರು. ಅಲ್ಲಿಯ ಸುತ್ತು ಚಿಕ್ಕದು, ನಡಿಗೆ ಮತ್ತು ಓಟ ಬೆರೆಸುವವರಿಗೆ ಹೇಳಿ ಮಾಡಿಸಿದ್ದು. ಸಾರಕ್ಕಿ ಕೆರೆಯ ಒತ್ತುವರಿ 2015ರಲ್ಲಿ ತೆರವಾದಾಗ ಅದೆಷ್ಟು ದೊಡ್ಡ ಕೆರೆ ಎಂದು ಅಕ್ಕಪಕ್ಕದವರಿಗೇ ಆಶ್ಚರ್ಯವಾಯಿತು. ಬಿಟಿಎಂ ಬಡಾವಣೆಯವರಿಗೆ ಮಡಿವಾಳ ಕೆರೆ. ಬನಶಂಕರಿ 6ನೇ ಹಂತದ ಆಚೆ ತುರಹಳ್ಳಿ ಕಾಡಿನ ಏರಿಳಿತದ ಹಾದಿ ಇದೆ, ಆದರೆ ಕಲ್ಲು, ಬೇರು ತುಂಬಿದ ಆ ನೆಲ ಹರಡು ಬಲಿತ ಮೇಲಿನ ಮಾತು. ಮಳೆಗಾಲದಲ್ಲಿ ಪಾರ್ಕುಗಳ ಇಂಟರ್‌ಲಾಕ್ ಟೈಲ್ಸ್ ಮೇಲೆ ಪಾಚಿ ಕಟ್ಟುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಅಲ್ಲಿ ನಡೆಯಿರಿ, ಓಡಬೇಡಿ.

ಹಿಮ್ಮಡಿಯ ಮಾತಿಗೆ ಇನ್ನೊಮ್ಮೆ ಬರಬೇಕು, ಯಾಕೆಂದರೆ ಅದಕ್ಕೆ ಮದ್ದು ಮನೆಯ ಮೆಟ್ಟಿಲಲ್ಲೇ ಇದೆ. ಸ್ವೀಡನ್‌ನ ಮೂಳೆ ವೈದ್ಯ ಹೋಕನ್ ಆಲ್ಫ್ರೆಡ್ಸನ್ ಸ್ವತಃ ಓಟಗಾರ. ಅವರ ಹಿಮ್ಮಡಿಯ ಸ್ನಾಯುರಜ್ಜು ವಿಪರೀತ ನೋಯುತ್ತಿತ್ತು. ಶಸ್ತ್ರಚಿಕಿತ್ಸೆ ಮಾಡಿ ಎಂದರೆ ಮೇಲಿನ ವೈದ್ಯರು ಒಪ್ಪಲಿಲ್ಲ. ಹಾಗಾದರೆ ಅದು ಹರಿದೇ ಹೋಗಲಿ, ಆಗ ಆಪರೇಷನ್ ಮಾಡಲೇಬೇಕಾಗುತ್ತದೆ ಎಂದು ನೋವಿರುವ ಕಾಲಿನ ಮೇಲೆಯೇ ಭಾರ ಹಾಕಿ ಹಾಕಿ ವ್ಯಾಯಾಮ ಮಾಡಿದರು. ಹರಿಯುವ ಬದಲು ವಾಸಿಯಾಯಿತು. 1998ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಇದ್ದವರು 15 ಮಂದಿ ಹವ್ಯಾಸಿ ಓಟಗಾರರು, ಸರಾಸರಿ ನಲವತ್ತು ದಾಟಿದವರು. 12 ವಾರಗಳ ನಂತರ ಎಲ್ಲರೂ ಓಟಕ್ಕೆ ಮರಳಿದರು.

ವಿಧಾನ ಇಷ್ಟೇ. ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗ ಮಾತ್ರ ಊರಿ, ಗೋಡೆಯನ್ನೋ ಕಂಬಿಯನ್ನೋ ಹಿಡಿದು ನಿಲ್ಲಿ. ಎರಡೂ ಕಾಲಿನಿಂದ ಮೇಲಕ್ಕೆದ್ದು, ನೋವಿರುವ ಒಂದೇ ಕಾಲಿನ ಮೇಲೆ ಭಾರ ಹಾಕಿ, ಹಿಮ್ಮಡಿಯನ್ನು ಮೆಟ್ಟಿಲ ಮಟ್ಟಕ್ಕಿಂತ ಕೆಳಗೆ ನಿಧಾನವಾಗಿ ಇಳಿಸಿ. ಮಂಡಿ ನೇರವಿಟ್ಟು 15ರಂತೆ ಮೂರು ಸಲ, ಮಂಡಿ ಸ್ವಲ್ಪ ಬಗ್ಗಿಸಿ 15ರಂತೆ ಮೂರು ಸಲ, ಬೆಳಿಗ್ಗೆ ಮತ್ತು ಸಂಜೆ. ದಿನಕ್ಕೆ 180 ಆಯಿತು. ನೋವಿಲ್ಲದವರು ಎರಡೂ ಕಾಲಿಗೆ ಇದರ ಕಾಲು ಭಾಗ ಮಾಡಿದರೂ ಮೀನಖಂಡ ಗಟ್ಟಿಯಾಗುತ್ತದೆ. ಇದರ ಜೊತೆಗೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ವಾರಕ್ಕೆ ಎರಡು ದಿನ ಸೇರಿಸಿ. ಮೂವತ್ತರ ನಂತರ ಸ್ನಾಯು ವರ್ಷವರ್ಷಕ್ಕೂ ಕರಗುತ್ತಲೇ ಇರುತ್ತದೆ, ಓಟವೊಂದೇ ಅದನ್ನು ತಡೆಯಲಾರದು. ತಟ್ಟೆಯಲ್ಲಿ ಅನ್ನದ ಗುಡ್ಡ ಚಿಕ್ಕದಾಗಿ, ಹೆಸರುಕಾಳಿನ ಉಸಲಿ, ಹುರುಳಿಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ, ಇವುಗಳ ಪಾಲು ಹೆಚ್ಚಬೇಕು. ಭಾನುವಾರ ಓಟ ಮುಗಿಸಿ ಇಡ್ಲಿ, ವಡೆ, ಕಾಫಿ ಎಂದು ಹೋಟೆಲಿಗೆ ಹೋಗುವ ಈ ಕಡೆಯ ಸಂಪ್ರದಾಯವನ್ನು ಮಾತ್ರ ಯಾರೂ ಬಿಡಬೇಕಿಲ್ಲ. ಎಷ್ಟೋ ಜನ ಬೆಳಿಗ್ಗೆ ಐದಕ್ಕೆ ಏಳುವುದು ಆ ಜೊತೆಗಾಗಿಯೇ.

ಜೊತೆ ದೊಡ್ಡದು. ಜಯನಗರ ಜಾಗ್ವಾರ್ಸ್‌ನಂಥ ಗುಂಪುಗಳು ಈ ಭಾಗದಲ್ಲಿ ಬೇರು ಬಿಟ್ಟಿರುವುದು ಅದರಿಂದಲೇ. ಗುಂಪಿನಲ್ಲಿ ನಿಮಗಿಂತ ಹಿರಿಯರೊಬ್ಬರು ಇದ್ದೇ ಇರುತ್ತಾರೆ, ಅವರ ಪಕ್ಕದಲ್ಲಿ ಓಡಿ. ಹುಡುಗರ ಗುಂಪಿನ ಹಿಂದೆ ಬೀಳಬೇಡಿ.

ಒಂದು ಮಾತನ್ನು ಗಂಡಸರಿಗೆ ಹೇಳಬೇಕು. ಐದೂವರೆಯಿಂದ ಏಳರವರೆಗಿನ ಹೊತ್ತು ಓಟಕ್ಕೆ ಹೇಗೆ ಒಳ್ಳೆಯದೋ, ಮನೆಯಲ್ಲಿ ತಿಂಡಿ, ಮಕ್ಕಳ ಡಬ್ಬಿ, ಅತ್ತೆ ಮಾವನ ಕಾಫಿಗೂ ಅದೇ ಹೊತ್ತು. ನಲವತ್ತೈದು ದಾಟಿದ ಹೆಂಗಸಿಗೆ ಮುಟ್ಟು ನಿಲ್ಲುವ ಕಾಲಕ್ಕೆ ಮೂಳೆ ಸವೆತ ಜೋರಾಗುತ್ತದೆ, ಮೂಳೆಗೆ ಭಾರ ಬೀಳುವ ವ್ಯಾಯಾಮ ಅವಳಿಗೆ ಗಂಡನಿಗಿಂತ ಹೆಚ್ಚು ಅಗತ್ಯ. ಆದರೂ ಪಾರ್ಕಿನಲ್ಲಿ ಆರು ಗಂಟೆಗೆ ಕಾಣುವವರಲ್ಲಿ ಗಂಡಸರೇ ಹೆಚ್ಚು. ವಾರಕ್ಕೆ ಮೂರು ದಿನ ಕುಕ್ಕರ್ ನೀವಿಡಿ, ಡಬ್ಬಿ ನೀವು ತುಂಬಿ, ಅವರು ಓಡಿ ಬರಲಿ.

ಕೊನೆಯದಾಗಿ ಸ್ಪರ್ಧೆಯ ವಿಷಯ. ಬೆಂಗಳೂರಿನ ವರ್ಲ್ಡ್ 10ಕೆ 2008ರಲ್ಲಿ ಶುರುವಾಯಿತು. ಮೊದಲೆಲ್ಲ ಮೇ ತಿಂಗಳಲ್ಲಿ ನಡೆಯುತ್ತಿದ್ದದ್ದು ಈಚೆಗೆ ಏಪ್ರಿಲ್ ಕೊನೆಗೆ ಬಂದಿದೆ. ಗೆಳೆಯರು ಹೆಸರು ಕೊಟ್ಟರೆಂದು ಫೆಬ್ರವರಿಯಲ್ಲಿ ಎಚ್ಚೆತ್ತು, ಎರಡು ತಿಂಗಳಲ್ಲಿ ಹತ್ತು ಕಿಲೋಮೀಟರಿಗೆ ಮೈಯನ್ನು ಎಳೆದೊಯ್ಯುವವರೇ ಮೇ ತಿಂಗಳಲ್ಲಿ ಕುಂಟುವವರು. ಲೆಕ್ಕ ಹಿಂದಿನಿಂದ ಹಾಕಿ. ಏಪ್ರಿಲ್‌ನ ಓಟಕ್ಕೆ ಅಕ್ಟೋಬರ್‌ನಲ್ಲಿ ವೈದ್ಯರ ಭೇಟಿ ಮತ್ತು ನಡಿಗೆ, ನವೆಂಬರ್ ಡಿಸೆಂಬರ್‌ನಲ್ಲಿ ಒಂದು ನಿಮಿಷ ಓಟ ಎರಡು ನಿಮಿಷ ನಡಿಗೆ, ಸಂಕ್ರಾಂತಿ ಹೊತ್ತಿಗೆ ನಿಲ್ಲದೆ ಮೂರು ಕಿಲೋಮೀಟರ್, ಶಿವರಾತ್ರಿ ಹೊತ್ತಿಗೆ ಐದು, ಯುಗಾದಿಗೆ ಏಳೆಂಟು. ಅಕ್ಟೋಬರ್ ತಪ್ಪಿಹೋಗಿದ್ದರೆ ಈ ಸಲದ ಏಪ್ರಿಲ್ ಬಿಟ್ಟು ಮುಂದಿನ ವರ್ಷದ್ದಕ್ಕೆ ಹೆಸರು ಕೊಡಿ.